ನಿಮ್ಮ ಮನೆಯ ಹುಳಿ ಯಾವುದು?

ಫಿಲಿಪೀನ್ಸ್ ದೇಶದಲ್ಲಿ ಪರಿಚಿತರಿಬ್ಬರು ಎದುರಾದರೆ ಮೊದಲು ಹೊರಡುವ ಮಾತು ‘ಕುಮಾಯಿನ್ ಕಾ ನಾ?’ ಎಂಬುದು. ಟಾಗಲೊಗ್ ಭಾಷೆಯ ಈ ಪ್ರಶ್ನೆಯ ಅರ್ಥ ‘ಊಟವಾಯಿತೇ?’ ಎಂದು. ಕನ್ನಡಿಗರಿಗೆ ಇದರಲ್ಲಿ ಹೊಸತೇನೂ ಕಾಣದು. ನಮ್ಮಲ್ಲಿಯೂ ಕ್ಷೇಮಸಮಾಚಾರದ ಮೊದಲ ಮೆಟ್ಟಿಲು ಊಟದ ವಿಚಾರವೇ. ಕೇಳಿದವರು ಉಣಬಡಿಸಲೇಬೇಕೆಂದಿಲ್ಲ, ಉತ್ತರಿಸುವವರು ನಿಜವನ್ನೇ ನುಡಿಯಬೇಕೆಂದೂ ಇಲ್ಲ. ಆದರೂ ಹಾಗೆ ಕೇಳುವವರೊಬ್ಬರು ಇದ್ದಾರೆ ಎಂಬುದೇ ಮನುಷ್ಯನಿಗೆ ದೊಡ್ಡ ಸಮಾಧಾನ. ಊರು ಬಿಟ್ಟು ದೂರ ಹೋದವರು ಮೊದಲು ಕಳೆದುಕೊಳ್ಳುವುದು ಈ ಪ್ರಶ್ನೆಯನ್ನೇ.

ಹೀಗೆ ಕಳೆದುಹೋದುದನ್ನು ಪರದೇಶದ ಒಂದು ಓಣಿಯಲ್ಲಿ ಮರಳಿ ಪಡೆದ ಫಿಲಿಪಿನೊ ದಾದಿಯೊಬ್ಬರ ವೃತ್ತಾಂತವನ್ನು ಈ ವಾರ ಓದುಗರ ಮುಂದಿಡಬಯಸುತ್ತೇವೆ. ಮೇಲ್ನೋಟಕ್ಕೆ ಇದು ಮೆಚ್ಚಿನ ಹೊಸ ಹೋಟೆಲೊಂದನ್ನು ಹುಡುಕಿದ ಕಥೆ, ಅಷ್ಟೇ. ಆದರೆ ಹೊರದೇಶದಲ್ಲಿ ದುಡಿಯುವ ಮಕ್ಕಳಿರುವ ನಮ್ಮ ಕುಟುಂಬಗಳಿಗೆ ಇದರಲ್ಲಿ ಯೋಚಿಸುವ ವಿಷಯವೂ ಇದೆಯೆಂದು ನಮಗೆ ತೋರಿತು.

2024ರ ಜನವರಿಯಲ್ಲಿ, ನಮ್ಮ ಧರ್ಮಕೇಂದ್ರದಿಂದ ಹೋಗಿ ದುಬೈಯಲ್ಲಿ ನೆಲೆಸಿರುವ ಕೆಲವು ಕುಟುಂಬಗಳ ಕರೆಯ ಮೇರೆಗೆ ನಾವು ಅಲ್ಲಿಗೆ ಹೋಗಿದ್ದೆವು. ಅಲ್ಲಿನ ಸಂತ ಮರಿಯಮ್ಮನವರ ದೇವಾಲಯದ ಹೆಸರನ್ನು ಕೇಳದ ಕ್ರೈಸ್ತ ಮನೆ ನಮ್ಮ ಕರಾವಳಿಯಲ್ಲಿ ವಿರಳ. 1967ರಲ್ಲಿ ಮೊದಲ ಬಾರಿಗೆ ಬಾಗಿಲು ತೆರೆದ ಆ ದೇವಾಲಯದಲ್ಲಿ ಮಂಗಳೂರು, ಗೋವಾ, ಕೇರಳಗಳ ಜನರೂ ಫಿಲಿಪಿನೊಗಳೂ ಒಂದೇ ಬೆಂಚಿನಲ್ಲಿ ಮೊಣಕಾಲೂರುತ್ತಾರೆ. ಹಿಂದೆ ಅಲ್ಲಿ ಶುಕ್ರವಾರವೇ ವಾರದ ದೊಡ್ಡ ಪೂಜೆಯ ದಿನವಾಗಿತ್ತು. 2022ರ ಜನವರಿಯಿಂದ ಆ ದೇಶದ ವಾರದ ರಜೆ ಶನಿವಾರ ಮತ್ತು ಭಾನುವಾರಕ್ಕೆ ಬದಲಾಯಿತು. ಪೂಜೆ ಮುಗಿದ ಬಳಿಕ ಜನ ಚದುರುವುದನ್ನು ನೋಡುವುದೂ ಒಂದು ಪಾಠ. ನಮ್ಮವರು ಮೀನು ಸಾರಿನ ಊಟ ಹುಡುಕಿಕೊಂಡು ಹೋದರೆ, ಫಿಲಿಪಿನೊಗಳು ಕರಾಮ ಮತ್ತು ಸತ್ವಾದ ಬೀದಿಗಳತ್ತ ಗುಂಪುಗುಂಪಾಗಿ ನಡೆಯುತ್ತಾರೆ. ಅವರ ಊಟದ ಮನೆಗಳು ಹೆಚ್ಚಾಗಿ ಇರುವುದು ಅಲ್ಲಿಯೇ.

ಆ ಊಟದ ಮನೆಗಳ ಮೂಲರೂಪವನ್ನು ಅವರ ದೇಶದಲ್ಲಿ ‘ಕರಿಂದೇರಿಯಾ’ ಎನ್ನುತ್ತಾರೆ. ಬಸ್ ನಿಲ್ದಾಣ, ಸಂತೆ, ಶಾಲೆಗಳ ಬದಿಯಲ್ಲಿ ಒಂದೆರಡು ಬೆಂಚುಗಳನ್ನಿಟ್ಟು ಮನೆಯ ಹೆಂಗಸರೇ ನಡೆಸುವ ಸಣ್ಣ ಅಂಗಡಿ ಅದು. ಆಹಾರಪಟ್ಟಿಯೆಂಬುದು ಅಲ್ಲಿಲ್ಲ. ಬೇಯಿಸಿದ ಪದಾರ್ಥಗಳ ಪಾತ್ರೆಗಳು ಮುಂದೆಯೇ ಸಾಲಾಗಿರುತ್ತವೆ. ಮುಚ್ಚಳ ಎತ್ತಿ ನೋಡಿ, ಬೇಕಾದುದನ್ನು ಬೆರಳು ಮಾಡಿ ತೋರಿಸಿದರೆ ಅನ್ನದ ಜೊತೆ ಬಡಿಸುತ್ತಾರೆ. ಅದರಿಂದಲೇ ‘ತುರೊ-ತುರೊ’, ಅಂದರೆ ‘ತೋರಿಸು-ತೋರಿಸು’, ಎಂಬ ಇನ್ನೊಂದು ಹೆಸರು ಬಂದಿದೆ. ಬಡಿಸುವಾಕೆಯನ್ನು ‘ಆತೆ’ ಎಂದು ಕರೆಯುವುದು ವಾಡಿಕೆ. ನಮ್ಮ ಕಿವಿಗೆ ‘ಅತ್ತೆ’ ಎಂದು ಕೇಳಿಸಿದರೂ ಅದರ ಅರ್ಥ ‘ಅಕ್ಕ’. ಗಂಡಸಾದರೆ ‘ಕುಯಾ’, ಅಂದರೆ ‘ಅಣ್ಣ’.

ಕರಿಂದೇರಿಯಾ ಎಂಬ ಹೆಸರಿನಲ್ಲಿ ನಮ್ಮ ‘ಕರಿ’ ಅಡಗಿದೆಯೆಂದು ಹೇಳುವವರುಂಟು. 1762ರಲ್ಲಿ ಬ್ರಿಟಿಷರು ಮನಿಲಾ ನಗರವನ್ನು ಸ್ಪೇನಿನವರಿಂದ ಕಸಿದುಕೊಂಡು 1764ರವರೆಗೆ ಆಳಿದರು. ಮದರಾಸಿನಿಂದ ಅವರೊಡನೆ ಹೋಗಿದ್ದ ಸಿಪಾಯಿಗಳಲ್ಲಿ ಕೆಲವರು ಮರಳಿ ಬರದೆ ಮನಿಲಾದ ಬಳಿಯ ಕೈಂತಾ ಎಂಬಲ್ಲಿ ನೆಲೆಸಿದರು. ಗೋವಿನ ಬಾಲದ ಮಾಂಸವನ್ನು ನೆಲಗಡಲೆಯ ಗಟ್ಟಿ ಸಾರಿನಲ್ಲಿ ಬೇಯಿಸುವ ‘ಕರೆ-ಕರೆ’ ಎಂಬ ಪದಾರ್ಥ, ಊರಿನ ರುಚಿಗೆ ಹಂಬಲಿಸಿದ ಆ ಸಿಪಾಯಿಗಳ ನೆನಪೆಂದು ಜನರ ನಂಬಿಕೆ. ನಂಬಿಕೆ ಎಷ್ಟರಮಟ್ಟಿಗೆ ನಿಜವೋ, ಊರಿನ ರುಚಿಗಾಗಿ ಹಂಬಲಿಸುವುದಂತೂ ನಿಜ.

ಇನ್ನು ನಮ್ಮ ದಾದಿಯ ವಿಚಾರಕ್ಕೆ ಬರೋಣ. ಆಕೆ ಬಟಾಂಗಾಸ್ ಪ್ರಾಂತದವರು. ವಯಸ್ಸು ನಲವತ್ತರ ಆಸುಪಾಸು. ನಮ್ಮ ಧರ್ಮಕೇಂದ್ರದ ಹೆಣ್ಣುಮಗಳೊಬ್ಬರು ಕೆಲಸ ಮಾಡುವ ಆಸ್ಪತ್ರೆಯಲ್ಲಿಯೇ ಆಕೆಗೂ ಕೆಲಸ. ಊರಿನಲ್ಲಿ ಹನ್ನೆರಡು ವರ್ಷದ ಮಗಳು ದೊಡ್ಡಮ್ಮನ ಮನೆಯಲ್ಲಿ ಬೆಳೆಯುತ್ತಿದ್ದಾಳೆ. ಆ ದೇಶದಲ್ಲಿ ಇಂಥ ಮನೆಗಳು ಒಂದೆರಡಲ್ಲ. 1974ರಲ್ಲಿ ಅಲ್ಲಿನ ಸರಕಾರ ತನ್ನ ಜನರನ್ನು ಹೊರದೇಶದ ದುಡಿಮೆಗೆ ಕಳುಹಿಸುವ ವ್ಯವಸ್ಥೆಯನ್ನು ಕಾನೂನಿನ ಮೂಲಕವೇ ಮಾಡಿತು. 1988ರಲ್ಲಿ ಅಧ್ಯಕ್ಷೆ ಕೊರಜೋನ್ ಅಕೀನೊ ಅವರು ಹಾಂಗ್‌ಕಾಂಗಿನಲ್ಲಿ ಮನೆಗೆಲಸದ ಹೆಂಗಸರನ್ನು ಉದ್ದೇಶಿಸಿ, ನೀವೇ ದೇಶದ ಹೊಸ ವೀರರು ಎಂದು ಕೊಂಡಾಡಿದರು. 2023ರಲ್ಲಿ ಈ ವೀರರು ಬ್ಯಾಂಕುಗಳ ಮೂಲಕ ಊರಿಗೆ ಕಳುಹಿಸಿದ ಹಣ 3,300 ಕೋಟಿ ಡಾಲರಿಗೂ ಮಿಗಿಲು. ಆದರೆ ವೀರರ ಊಟದ ಮಾತನ್ನು ಯಾವ ಲೆಕ್ಕಪತ್ರವೂ ಹೇಳುವುದಿಲ್ಲ.

ಆಕೆ ವಾಸಿಸುವುದು ಒಂದೇ ಕೋಣೆಯನ್ನು ಆರು ಮಂದಿ ಹಂಚಿಕೊಂಡಿರುವ ಕಡೆ. ಅಡಿಗೆಮನೆಯ ಸರದಿ ಸಿಗುವುದು ಅಪರೂಪ. ಮೀನಿನ ವಾಸನೆ ಬಂದರೆ ಜಗಳ. ಹೀಗಾಗಿ ವಾರಕ್ಕೊಮ್ಮೆ ಪೂಜೆಯ ಬಳಿಕ ಹೋಟೆಲಿನಲ್ಲಿ ಮಾಡುವ ಊಟವೊಂದೇ ಆಕೆ ತನಗಾಗಿ ಮಾಡಿಕೊಳ್ಳುತ್ತಿದ್ದ ಖರ್ಚು. ವರ್ಷಗಟ್ಟಲೆ ಒಂದೇ ಹೋಟೆಲಿಗೆ ಹೋಗುತ್ತಿದ್ದರು. ಅದನ್ನು ನಡೆಸುತ್ತಿದ್ದ ಬಟಾಂಗಾಸಿನವರೇ ಆದ ಹಿರಿಯ ಹೆಂಗಸು 2022ರಲ್ಲಿ ವಯಸ್ಸಾಯಿತೆಂದು ಅಂಗಡಿ ಮುಚ್ಚಿ ಊರಿಗೆ ಮರಳಿದರು. ಅದಕ್ಕೆ ಎರಡು ವರ್ಷಗಳ ಹಿಂದೆ, 2020ರ ಮಹಾಮಾರಿಯ ದಿನಗಳಲ್ಲಿ, ದಾದಿಯ ತಾಯಿ ಊರಿನಲ್ಲಿ ತೀರಿಹೋಗಿದ್ದರು. ವಿಮಾನವಿಲ್ಲ, ರಜೆಯಿಲ್ಲ, ಮಣ್ಣು ಹಾಕಲೂ ಹೋಗಲಾಗಲಿಲ್ಲ. ತಾಯಿ ಮಾಡುತ್ತಿದ್ದ ಹುಳಿ ಸಾರಿನ ರುಚಿ ಆ ಹೋಟೆಲಿನಲ್ಲಿ ಮಾತ್ರ ಉಳಿದಿತ್ತು. ಬಾಗಿಲು ಮುಚ್ಚಿದ ದಿನ ತಾಯಿ ಎರಡನೆಯ ಬಾರಿ ಹೋದಂತಾಯಿತು ಎಂದು ಆಕೆ ಗೆಳತಿಯೊಡನೆ ಹೇಳಿಕೊಂಡರಂತೆ.

ಅಂದಿನಿಂದ ಹುಡುಕಾಟ ಆರಂಭವಾಯಿತು. ನಮ್ಮ ಹೆಣ್ಣುಮಗಳೂ ಜೊತೆಗೂಡಿದರು. ಈ ಹುಡುಕಾಟದ ವಿವರವನ್ನು ಕೇಳುವಾಗ, ಸೆಮಿನರಿಯಲ್ಲಿ ತತ್ವಶಾಸ್ತ್ರದ ಪಾಠದಲ್ಲಿ ಕಲಿತ ಒಂದು ವಿಚಾರ ನಮ್ಮ ನೆನಪಿಗೆ ಬಂದಿತು. ಗ್ರೀಕ್ ದಾರ್ಶನಿಕ ಅರಿಸ್ಟಾಟಲ್ ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಉಪಯೋಗಕ್ಕಾಗಿ ಬೆಳೆಯುವ ಸ್ನೇಹ ಒಂದು. ಸುಖಕ್ಕಾಗಿ ಬೆಳೆಯುವ ಸ್ನೇಹ ಇನ್ನೊಂದು. ಎದುರಿನವರ ಒಳಿತನ್ನೇ ಬಯಸುವ ಸ್ನೇಹ ಮೂರನೆಯದು. ಮೊದಲಿನ ಎರಡು ಬೇಗ ಹುಟ್ಟಿ ಬೇಗ ಮುಗಿಯುತ್ತವೆ. ಮೂರನೆಯದಕ್ಕೆ ಕಾಲ ಬೇಕು, ಜೊತೆಯಾಗಿ ಉಂಡ ದಿನಗಳೂ ಬೇಕು. ಹೋಟೆಲುಗಳಿಗೂ ಈ ಮಾತು ಸಲ್ಲುತ್ತದೆ ಎಂದರೆ ಅರಿಸ್ಟಾಟಲ್ ಕೋಪಿಸಿಕೊಳ್ಳಲಾರನೆಂದು ಭಾವಿಸುತ್ತೇವೆ.

ಅವರಿಬ್ಬರು ಮೊದಲು ಹೋದದ್ದು ಆಸ್ಪತ್ರೆಯ ಸಮೀಪದ ಅಗ್ಗದ ಹೋಟೆಲಿಗೆ. ಅಲ್ಲಿ ಅಡೋಬೊ ಚೆನ್ನಾಗಿತ್ತು. ಮಾಂಸವನ್ನು ವಿನೆಗರ್, ಸೋಯಾ ರಸ, ಬೆಳ್ಳುಳ್ಳಿ, ಕಾಳುಮೆಣಸು ಮತ್ತು ಪಲಾವಿನ ಎಲೆಗಳೊಡನೆ ನಿಧಾನವಾಗಿ ಬೇಯಿಸುವುದೇ ಅಡೋಬೊ. ವಿನೆಗರ್ ಇರುವುದರಿಂದ ಅದು ಬೇಗ ಹಳಸುವುದಿಲ್ಲ. ಮರುದಿನ ರುಚಿ ಹೆಚ್ಚು. ಪೋರ್ಚುಗೀಸರಿಂದ ನಮ್ಮ ಕರಾವಳಿಗೆ ಬಂದ ವಿಂದಾಲುವಿನ ಬುನಾದಿಯೂ ವಿನೆಗರ್ ಮತ್ತು ಬೆಳ್ಳುಳ್ಳಿಯೇ ಆದುದರಿಂದ ನಮ್ಮ ಹೆಣ್ಣುಮಗಳಿಗೆ ಅದು ಪರಕೀಯವೆನಿಸಲಿಲ್ಲ. ವ್ಯತ್ಯಾಸವೆಂದರೆ ಫಿಲಿಪೀನ್ಸಿನ ಜನ ಸ್ಪೇನಿನವರು ಬರುವ ಮೊದಲೇ ಹುಳಿಯಲ್ಲಿ ಮಾಂಸ ಬೇಯಿಸುತ್ತಿದ್ದರು. ಬಂದವರು ಕೊಟ್ಟದ್ದು ಹೆಸರನ್ನು ಮಾತ್ರ. ಊಟವೇನೋ ಸರಿ. ಆದರೆ ಕೊನೆಯ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ತಟ್ಟೆ ಎತ್ತುವ ಹುಡುಗ ಬಂದು ನಿಲ್ಲುತ್ತಿದ್ದ. ಇದು ಉಪಯೋಗದ ಹೋಟೆಲು.

ಎರಡನೆಯದು ದೊಡ್ಡ ಮಳಿಗೆಯೊಳಗಿನ ಹೊಳೆಯುವ ರೆಸ್ಟೊರೆಂಟು. ಎತ್ತರದ ಗಾಜಿನ ಲೋಟದಲ್ಲಿ ‘ಹಾಲೊ-ಹಾಲೊ’ ಬಂದಿತು. ಹೆಸರಿನ ಅರ್ಥ ‘ಬೆರೆಸು-ಬೆರೆಸು’. ಹೆರೆದ ಮಂಜುಗಡ್ಡೆ, ಹಾಲು, ಸಕ್ಕರೆಪಾಕದ ಕಾಳುಗಳು, ಹಣ್ಣಿನ ಚೂರುಗಳು, ಮೇಲೆ ನೇರಳೆ ಬಣ್ಣದ ಗೆಣಸಿನ ಐಸ್‌ಕ್ರೀಮು. ಮಕ್ಕಳನ್ನು ಕರೆದೊಯ್ಯಲು ಅಂಥ ಜಾಗ ಇನ್ನೊಂದಿಲ್ಲ. ಇದು ಸುಖದ ಹೋಟೆಲು. ಆದರೆ ಅಲ್ಲಿಯ ಹುಳಿ ಸಾರು ಬಾಯಿಗಿಟ್ಟೊಡನೆ ಆಕೆ ಚಮಚ ಕೆಳಗಿಟ್ಟರು. “ಇದು ಪೊಟ್ಟಣದ ಹುಳಿ” ಎಂದರು.

ಈ ಹುಳಿ ಸಾರಿನ ಹೆಸರು ‘ಸಿನಿಗಾಂಗ್’. ಮನಿಲಾದಲ್ಲಿ ಯೇಸುಸಭೆಯ ಗುರುಗಳು ನಡೆಸುವ ಅತೆನೆಯೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಡೊರೀನ್ ಫೆರ್ನಾಂಡೆಸ್ ಎಂಬ ಲೇಖಕಿ ತಮ್ಮ ದೇಶದ ಆಹಾರದ ಬಗ್ಗೆ ಜೀವನವಿಡೀ ಬರೆದವರು; 2002ರಲ್ಲಿ ತೀರಿಕೊಂಡರು. ಹೊರಗಿನವರಿಗೆ ಪ್ರಸಿದ್ಧವಾಗಿರುವುದು ಅಡೋಬೊ ಆದರೂ ಫಿಲಿಪಿನೊ ನಾಲಿಗೆಗೆ ಅತ್ಯಂತ ಹತ್ತಿರವಾದುದು ಸಿನಿಗಾಂಗ್ ಎಂಬುದು ಅವರ ವಾದ. ಮೀನು, ಸಿಗಡಿ ಅಥವಾ ಮಾಂಸವನ್ನು ತೆಳು ಸಾರಿನಲ್ಲಿ ಬೇಯಿಸಿ ಮೂಲಂಗಿ, ಅಲಸಂಡೆ, ಬದನೆ, ಬೆಂಡೆ, ಸೊಪ್ಪು ಹಾಕುತ್ತಾರೆ. ಕೆಸುವಿನ ಗೆಡ್ಡೆ ಕರಗಿ ಸಾರನ್ನು ತುಸು ದಪ್ಪ ಮಾಡುತ್ತದೆ. ಮಸಾಲೆಯ ಗೊಡವೆಯಿಲ್ಲ. ಜೀವವಿರುವುದು ಹುಳಿಯಲ್ಲಿ. ಆ ಹುಳಿ ಊರಿಂದೂರಿಗೆ, ಮನೆಯಿಂದ ಮನೆಗೆ ಬೇರೆ. ಒಬ್ಬರು ಎಳೆ ಹುಣಸೆ ಹಾಕಿದರೆ ಇನ್ನೊಬ್ಬರು ಮಾವಿನಕಾಯಿ, ಮತ್ತೊಬ್ಬರು ಪೇರಲೆ ಹಣ್ಣು. ಬಿಡುವಿಲ್ಲದವರಿಗೆ ಅಂಗಡಿಯಲ್ಲಿ ಹುಳಿಪುಡಿಯ ಪೊಟ್ಟಣ ಸಿಗುತ್ತದೆ. ಅದರಲ್ಲಿ ದೋಷವೇನಿಲ್ಲ, ಎಷ್ಟೋ ಮನೆಗಳಲ್ಲಿ ಅದೇ ನಡೆಯುತ್ತದೆ. ಆದರೆ ಎಲ್ಲರ ಹುಳಿಯೂ ಒಂದೇ ಆದಾಗ ಯಾರ ಮನೆಯ ಹುಳಿಯೂ ಅಲ್ಲಿರುವುದಿಲ್ಲ.

ದಾದಿಯ ತಾಯಿ ಹಾಕುತ್ತಿದ್ದುದು ‘ಕಾಮಿಯಾಸ್’. ಬಟಾಂಗಾಸಿನವರು ಅದನ್ನು ಬಿಸಿಲಿನಲ್ಲಿ ಒಣಗಿಸಿಟ್ಟು, ಮಣ್ಣಿನ ಮಡಕೆಯಲ್ಲಿ ಮೀನಿನೊಡನೆ ಪದರ ಪದರವಾಗಿ ಜೋಡಿಸಿ ಬೇಯಿಸುವುದಕ್ಕೂ ಬಳಸುತ್ತಾರೆ. ಅದು ಎಂಥ ಕಾಯಿ ಎಂದು ನಮ್ಮ ಹೆಣ್ಣುಮಗಳು ಕೇಳಿದಾಗ ಆಕೆ ದೂರವಾಣಿಯಲ್ಲಿ ಚಿತ್ರ ತೋರಿಸಿದರು. ಬೆರಳುದ್ದದ ಹಸುರು ಕಾಯಿ, ಮರದ ಕಾಂಡಕ್ಕೇ ಅಂಟಿಕೊಂಡಂತೆ ಗೊಂಚಲು ಗೊಂಚಲು. “ಅಯ್ಯೋ, ಇದು ನಮ್ಮ ಬಿಂಬುಳಿ!” ಎಂದು ನಮ್ಮವರು ಕೂಗಿಕೊಂಡರಂತೆ. ನಿಜವೇ. ಕರಾವಳಿಯ ಮನೆಗಳ ಬಚ್ಚಲಿನ ಬದಿಯಲ್ಲಿ ಯಾರೂ ನೆಡದಂತೆ ಬೆಳೆದು ನಿಲ್ಲುವ, ಮೀನಿನ ಸಾರಿಗೂ ಉಪ್ಪಿನಕಾಯಿಗೂ ಒದಗುವ ಬಿಂಬುಳಿಯೇ ಅವರ ಕಾಮಿಯಾಸ್. ಸಾವಿರಾರು ಮೈಲಿಗಳ ಆಚೆ ಬೆಳೆದ ಇಬ್ಬರು ಹೆಣ್ಣುಮಕ್ಕಳ ಬಾಲ್ಯದಲ್ಲಿ ಒಂದೇ ಮರ ನಿಂತಿದ್ದಿತು.

ಮೂರನೆಯ ಹೋಟೆಲು ಅವರಿಗೆ ಸಿಕ್ಕಿದ್ದು ಸತ್ವಾದ ಒಂದು ಓಣಿಯಲ್ಲಿ. ಆರು ಮೇಜುಗಳ ಆ ಅಂಗಡಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ಜಾಹೀರಾತಾದೀತು. ಪಾತ್ರೆಗಳು ಮುಂದೆಯೇ ಸಾಲಾಗಿದ್ದವು. ದಾದಿ ಸಿನಿಗಾಂಗಿನ ಮುಚ್ಚಳ ಎತ್ತಿ ನೋಡಿ, ಏನನ್ನೂ ತೋರಿಸದೆ ಮುಚ್ಚಿದರು. ಅಡಿಗೆಯ ಆತೆ ಅದನ್ನು ಕಂಡು ಕೇಳಿದ್ದು ಒಂದೇ ಮಾತು: “ನಿಮ್ಮ ಮನೆಯ ಹುಳಿ ಯಾವುದು?”

ಎಷ್ಟೋ ತಿಂಗಳ ಬಳಿಕ ಆಕೆಯನ್ನು ಯಾರೋ ಅಂಥದೊಂದು ಪ್ರಶ್ನೆ ಕೇಳಿದ್ದರು. ಕಾಮಿಯಾಸ್ ಎಂದು ಉತ್ತರಿಸುವಾಗ ಆಕೆಗೆ ಅಳು ಬಂದಿತಂತೆ. ಆತೆ ತಮ್ಮಲ್ಲಿ ಹುಣಸೆ ಮಾತ್ರ ಇದೆಯೆಂದರು. ಎಲ್ಲಿಂದಾದರೂ ತಂದುಕೊಟ್ಟರೆ ಮಾಡಿಕೊಡುತ್ತೇನೆ ಎಂದೂ ಸೇರಿಸಿದರು. ಮುಂದಿನ ರಜೆಯಲ್ಲಿ ಊರಿಗೆ ಬಂದ ನಮ್ಮ ಹೆಣ್ಣುಮಗಳು, ಅತ್ತೆಯವರು ಉಪ್ಪು ಹಾಕಿ ಒಣಗಿಸಿದ್ದ ಬಿಂಬುಳಿಯನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ಹೋದರು. ಆ ಬಾಟಲಿ ಇಂದಿಗೂ ಖಾಲಿಯಾಗಲು ಬಿಟ್ಟಿಲ್ಲ; ಊರಿನಿಂದ ಹೋಗುವವರೆಲ್ಲರ ಪೆಟ್ಟಿಗೆಯಲ್ಲಿ ಒಂದಿಷ್ಟು ಬಿಂಬುಳಿ ಇರುತ್ತದೆ. ನಾವೂ ಒಯ್ದಿದ್ದೆವು.

ಆ ಮೇಜಿನಲ್ಲಿ ನಮಗೂ ಊಟವಾಯಿತು. ಸಿನಿಗಾಂಗಿನಲ್ಲಿದ್ದ ‘ಬಂಗುಸ್’ ಮೀನು ನಮ್ಮ ಹೂಮೀನೇ. ಸಾರು ಮೊದಲು ನಾಲಿಗೆಯನ್ನು ಚುರುಕಾಗಿ ಚುಚ್ಚಿ, ಆಮೇಲೆ ಹಿತವಾಗಿ ಇಳಿಯಿತು. ಮೇಜಿನ ಮೇಲೆ ಮೀನಿನ ಉಪ್ಪುರಸ, ವಿನೆಗರ್, ಹಸಿಮೆಣಸು, ಕಲಮಾನ್ಸಿ ಎಂಬ ಪುಟ್ಟ ನಿಂಬೆಗಳನ್ನು ಇಟ್ಟಿದ್ದರು. ಉಣ್ಣುವವರು ಅವನ್ನು ತಮಗೆ ಬೇಕಾದಂತೆ ಬೆರೆಸಿಕೊಳ್ಳುತ್ತಾರೆ. ಅಡಿಗೆಯವರಿಗೆ ಇದರಿಂದ ಅವಮಾನವಿಲ್ಲ. ಅಡಿಗೆ ಪೂರ್ಣವಾಗುವುದು ಉಣ್ಣುವವರ ತಟ್ಟೆಯಲ್ಲಿ ಎಂಬುದು ಅಲ್ಲಿಯ ನಡಾವಳಿ.

ಜೊತೆಗೆ ‘ತಿನೋಲಾ’ ಬಂದಿತು. ಶುಂಠಿಯ ಸಾರಿನಲ್ಲಿ ಬೆಂದ ಕೋಳಿ, ಪಪ್ಪಾಯಿ ಕಾಯಿ, ನುಗ್ಗೆಸೊಪ್ಪು. ಜ್ವರ ಬಂದವರಿಗೂ ಹೆತ್ತ ತಾಯಂದಿರಿಗೂ ಅದನ್ನು ಕೊಡುತ್ತಾರೆ. ತಿನೋಲಾಕ್ಕೆ ಸಾಹಿತ್ಯದಲ್ಲಿಯೂ ಸ್ಥಾನವಿದೆ. ಆ ದೇಶದ ವಿಮೋಚನೆಯ ನಾಯಕ ಹೊಸೆ ರಿಸಾಲ್ 1887ರಲ್ಲಿ ಪ್ರಕಟಿಸಿದ ‘ನೋಲಿ ಮೆ ತಾಂಜೆರೆ’ ಕಾದಂಬರಿಯ ಔತಣದ ದೃಶ್ಯದಲ್ಲಿ ಗರ್ವಿಷ್ಠ ಸನ್ಯಾಸಿಯೊಬ್ಬನಿಗೆ ತಿನೋಲಾದ ಕೋಳಿಯ ಕತ್ತು ಮತ್ತು ಒರಟು ರೆಕ್ಕೆ ಮಾತ್ರ ಬರುತ್ತದೆ. ಅವನ ಸಿಟ್ಟು ಊಟದುದ್ದಕ್ಕೂ ಇಳಿಯುವುದಿಲ್ಲ. ಈ ಕಥೆಯನ್ನು ನಾವು ಹೇಳಿದಾಗ ಆತೆ ನಗುತ್ತ, ನಮ್ಮ ತಟ್ಟೆಗೆ ಒಳ್ಳೆಯ ತುಂಡನ್ನೇ ಹುಡುಕಿ ಹಾಕಿದರು. ಗುರುಗಳ ಕೋಪಕ್ಕೆ ಅವಕಾಶವಿಲ್ಲದಾಯಿತು.

ಇಂಥ ಊಟದ ಪರಿಚಯವಿಲ್ಲದ ಓದುಗರಿಗೆ ಒಂದೆರಡು ಸೂಚನೆಗಳು. ಫಿಲಿಪಿನೊ ಹೋಟೆಲಿಗೆ ಮೊದಲ ಬಾರಿ ಹೋದರೆ ಸಿನಿಗಾಂಗ್ ಕೇಳಿ, ಹುಳಿ ಯಾವುದೆಂದು ವಿಚಾರಿಸಿ. ಉತ್ತರದಿಂದಲೇ ಅಡಿಗೆಮನೆಯ ಗುಣ ತಿಳಿಯುತ್ತದೆ. ಮೈ ಸರಿಯಿಲ್ಲದವರು ‘ಅರ್ರೋಸ್ ಕಾಲ್ಡೊ’ ಕೇಳಬಹುದು. ಅದು ಶುಂಠಿ ಮತ್ತು ಕೋಳಿ ಹಾಕಿದ ಗಂಜಿ. ಹುಟ್ಟುಹಬ್ಬವಾದರೆ ‘ಪಾನ್ಸಿತ್’ ಎಂಬ ಶಾವಿಗೆಯಂಥ ತಿನಿಸು. ಎಳೆ ಉದ್ದವಿದ್ದಷ್ಟು ಆಯುಸ್ಸು ಉದ್ದ ಎಂಬ ಹಾರೈಕೆ ಅದರಲ್ಲಿದೆ. ‘ಪುತೊ’ ಎಂಬ ಹಬೆಯ ಅಕ್ಕಿತಿಂಡಿ ನಮ್ಮ ಸಾನ್ನಾಂಗಳ ದೂರದ ಬಂಧುವಿನಂತಿದೆ. ಡಿಸೆಂಬರ್ 16ರಿಂದ 24ರವರೆಗೆ ಅವರ ಊರುಗಳಲ್ಲಿ ‘ಸಿಂಬಾಂಗ್ ಗಾಬಿ’ ಎಂಬ ಒಂಬತ್ತು ದಿನಗಳ ಪೂಜೆ ಬೆಳಕು ಹರಿಯುವ ಮೊದಲೇ ನಡೆಯುತ್ತದೆ. ಪೂಜೆ ಮುಗಿದು ಹೊರಬಂದರೆ ದೇವಾಲಯದ ಅಂಗಳದಲ್ಲಿ, ಮೇಲೂ ಕೆಳಗೂ ಕೆಂಡವಿಟ್ಟು ಬಾಳೆಯೆಲೆಯ ಮೇಲೆ ಸುಟ್ಟ ‘ಬಿಬಿಂಗ್ಕಾ’, ಕೇರಳದ ಪುಟ್ಟಿನಂತೆ ಬಿದಿರ ಕೊಳವೆಯಲ್ಲಿ ಬೆಂದ ನೇರಳೆ ಬಣ್ಣದ ‘ಪುತೊ ಬುಂಬೊಂಗ್’ ಕಾದಿರುತ್ತವೆ. ಕ್ರಿಸ್ಮಸ್ಸನ್ನು ಅವರು ಮೂಗಿನಿಂದಲೂ ನೆನಪಿಟ್ಟುಕೊಳ್ಳುತ್ತಾರೆ.

ದಾದಿಯ ಬದುಕಿನಲ್ಲಿ ಆ ಹೋಟೆಲಿನಿಂದ ಏನಾಯಿತು ಎಂಬುದನ್ನೂ ಹೇಳಬೇಕು. ತಾಯಿಯ ಅಡಿಗೆಯನ್ನು ಆಕೆ ಎಂದೂ ಕಲಿತಿರಲಿಲ್ಲ. ಕಲಿಯುವ ವಯಸ್ಸಿನಲ್ಲಿ ಪರದೇಶಕ್ಕೆ ಬಂದಿದ್ದರು. ಮಗಳಿಗೋ ಅಜ್ಜಿಯ ಸಾರಿನ ನೆನಪು ಮಾಸುತ್ತಿತ್ತು. ಆ ರುಚಿ ತನ್ನೊಂದಿಗೇ ಮುಗಿದುಹೋಗುತ್ತದೆ ಎಂಬ ಭಯ ಆಕೆಯನ್ನು ಕಾಡುತ್ತಿತ್ತು. ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ ಆತೆ ಆಕೆಯನ್ನು ಒಲೆಯ ಬಳಿ ನಿಲ್ಲಿಸಿಕೊಂಡು, ಮೀನು ಯಾವಾಗ, ಹುಳಿ ಯಾವಾಗ, ಸೊಪ್ಪು ಯಾವಾಗ ಎಂದು ಕಲಿಸಿದರು. “ಅಮ್ಮನದು ಇನ್ನೂ ಸ್ವಲ್ಪ ಹುಳಿ” ಎಂದು ಈಕೆ ಹೇಳುತ್ತ ಹೋದಂತೆ ಆತೆ ಕೈ ತಿದ್ದುತ್ತ ಹೋದರು. 2023ರ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಆಕೆ ಮಗಳಿಗಾಗಿ ಸ್ವತಃ ಸಿನಿಗಾಂಗ್ ಮಾಡಿದರು. ಮಗಳು ಮೊದಲ ಗುಟುಕಿಗೆ ಮುಖ ಕಿವಿಚಿದಳು. ಆಮೇಲೆ ಎರಡನೆಯ ಬಾರಿ ಬಡಿಸಿಕೊಂಡಳು. ಕೊನೆಗೆ “ಅಜ್ಜಿಯದು” ಎಂದಳು. ಮೂರನೆಯ ಬಗೆಯ ಸ್ನೇಹ ಮಾಡುವ ಕೆಲಸ ಇದು. ಗಿರಾಕಿ ತನ್ನ ಅಂಗಡಿಗೆ ಬಾರದೆ ತನ್ನ ಮನೆಯಲ್ಲಿಯೇ ಉಣ್ಣುವಂತಾಗಲಿ ಎಂದು ಬಯಸುವ ಹೋಟೆಲಿನವರು ಎಷ್ಟು ಮಂದಿ ಇದ್ದಾರು!

ನಮ್ಮ ಮನೆಗಳ ಮಕ್ಕಳೂ ಇಂದು ಗಲ್ಫಿನಲ್ಲಿ, ಕೆನಡಾದಲ್ಲಿ, ಬೆಂಗಳೂರಿನ ಬಾಡಿಗೆ ಕೋಣೆಗಳಲ್ಲಿ ಯಾರದೋ ಪೊಟ್ಟಣದ ರುಚಿಗೆ ಒಗ್ಗಿಕೊಳ್ಳುತ್ತಿದ್ದಾರೆ. ದೂರವಾಣಿಯಲ್ಲಿ ನಾವು ಅವರ ಸಂಬಳ, ಕೆಲಸ, ಮದುವೆಯ ಮಾತುಗಳನ್ನು ವಿಚಾರಿಸುತ್ತೇವೆ. ಅವರು ವಾರಕ್ಕೊಮ್ಮೆ ಎಲ್ಲಿ ಉಣ್ಣುತ್ತಾರೆ, ಅಲ್ಲಿ ಬಡಿಸುವವರಿಗೆ ಅವರ ಹೆಸರು ಗೊತ್ತೇ ಎಂಬುದನ್ನೂ ಕೇಳಬಹುದಲ್ಲವೇ? ಮನೆಯ ಹಿರಿಯರು ತಮ್ಮ ಸಾರಿಗೆ ಯಾವ ಹುಳಿ, ಎಷ್ಟು ಎಂಬುದನ್ನು ಮಕ್ಕಳಿಗೆ, ಗಂಡುಮಕ್ಕಳಿಗೂ ಸಹ, ಒಮ್ಮೆ ಒಲೆಯ ಬಳಿ ನಿಲ್ಲಿಸಿ ತೋರಿಸಿದರೆ ಒಳಿತು. ಮತ್ತು ಹಿತ್ತಿಲಿನಲ್ಲಿ ಬಿಂಬುಳಿ ನೆಲಕ್ಕೆ ಬಿದ್ದು ಕೊಳೆಯುತ್ತಿದ್ದರೆ ದಯವಿಟ್ಟು ಆರಿಸಿ, ಉಪ್ಪು ಹಾಕಿ, ಬಿಸಿಲಿಗಿಡಿ. ದುಬೈಗೆ ಹೋಗುವವರು ಯಾರಾದರೂ ಇದ್ದೇ ಇರುತ್ತಾರೆ.